ಏಳು ವರ್ಷದ ಹುಡುಗನನ್ನು ಏಳು ದಿನ ಬೋರಲು ಇಡುವುದು ಹೇಗೆ?

ಗೋಪನಕೊಪ್ಪದ ಅವ್ವ (ಭಾನುವಾರ, ರಾತ್ರಿ 10.50)

ಎಲ್ಲರಿಗೂ ನಮಸ್ಕಾರ. ನಾಡಿದ್ದು ಮಂಗಳವಾರ ನನ್ನ ಮಗನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಇದೆ. ಅವನಿಗೆ ಏಳು ವರ್ಷ, ಎರಡನೇ ತರಗತಿ. ಹೋಳಿ ಹುಣ್ಣಿಮೆಯ ಮರುವಾರ ಓಣಿಯಲ್ಲಿ ಕ್ರಿಕೆಟ್ ಆಡುವಾಗ ಚೆಂಡು ಎಡಗಣ್ಣಿಗೆ ಬಡಿಯಿತು. ಊತ ಇಳಿಯಿತು, ಕೆಂಪು ಹೋಯಿತು. ಆದರೆ ಬಲಗಣ್ಣು ಮುಚ್ಚಿಕೊಂಡು ನನ್ನನ್ನು ನೋಡಿದರೆ, "ಅವ್ವಾ, ನಿನಗೆ ಮೂಗೇ ಇಲ್ಲ" ಎನ್ನುತ್ತಿದ್ದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಾವು ನಕ್ಕೆವು. ಆ ನಗುವನ್ನು ನೆನೆದರೆ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಕ್ಷಿಪಟಲದ, ಅಂದರೆ ಕಣ್ಣಿನೊಳಗಿನ ಹಿಂಬದಿಯ ಪರದೆಯ, ನಟ್ಟನಡುವೆ ತೂತು ಬಿದ್ದಿದೆ ಎಂದರು. ಮಕ್ಕಳಲ್ಲಿ ಪೆಟ್ಟಿನಿಂದಾದ ತೂತು ಕೆಲವೊಮ್ಮೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಕಾದು ನೋಡೋಣ ಎಂದರು. ಮೂರು ತಿಂಗಳು ಕಾದೆವು, ಮುಚ್ಚಲಿಲ್ಲ. ಈಗ ಆಪರೇಷನ್ ಮಾಡಿ ಕಣ್ಣಿನೊಳಗೆ ಗ್ಯಾಸ್ ತುಂಬುತ್ತಾರಂತೆ. ಆಮೇಲೆ ಏಳು ದಿನ ಹಗಲೂ ರಾತ್ರಿ ಮುಖ ನೆಲಕ್ಕೆ ಮಾಡಿಕೊಂಡೇ ಇರಬೇಕು, ತಾಸಿಗೆ ಹತ್ತು ನಿಮಿಷ ಬಿಡುವು. ಡಾಕ್ಟರು ಇದನ್ನು ನಮಗೆ ವಿವರಿಸುತ್ತಿದ್ದಾಗ ಮಗ ಅವರ ತಿರುಗುವ ಸ್ಟೂಲಿನ ಮೇಲೆ ಕುಳಿತು ಗಿರಗಿರನೆ ಸುತ್ತುತ್ತಿದ್ದ. ಊಟಕ್ಕೆ ಕುಳಿತರೆ ಎರಡು ತುತ್ತಿಗೊಮ್ಮೆ ಎದ್ದು ಬಾಗಿಲವರೆಗೆ ಹೋಗಿ ಬರುವ ಹುಡುಗ ಅವನು.

ಮನೆಯಲ್ಲಿ ನಾನು, ಮನೆಯವರು, ನಮ್ಮ ಅತ್ತೆ. ಮನೆಯವರದು ಗೌಂಡಿ ಕೆಲಸ, ಮೂರು ದಿನ ರಜೆ ಹಾಕಬಹುದು, ಅಷ್ಟೇ. ಯಾರಾದರೂ ಮಕ್ಕಳನ್ನು ಹೀಗೆ ನೋಡಿಕೊಂಡಿದ್ದರೆ ದಯವಿಟ್ಟು ಹೇಳಿ. ದೊಡ್ಡವರ ಅನುಭವ ಬೇಡ. ದೊಡ್ಡವರಿಗೆ ಹೇಳಿದರೆ ತಿಳಿಯುತ್ತದೆ.

ಬೆಟಗೇರಿ ಮಗ್ಗದ ಮನೆ (ಭಾನುವಾರ, ರಾತ್ರಿ 11.35)

ಅಕ್ಕಾ, ಎರಡು ವರ್ಷದ ಹಿಂದೆ ನಮ್ಮ ಮಗಳಿಗೆ ಅಕ್ಷಿಪಟಲ ಕಳಚಿತ್ತು. ಆಗ ಅವಳಿಗೆ ಹನ್ನೊಂದು. ನಿಮ್ಮ ಹುಡುಗನಿಗಿಂತ ದೊಡ್ಡವಳು, ಆದರೂ ಮೊದಲ ಎರಡು ದಿನ ನಮ್ಮ ಮನೆ ಮನೆಯಾಗಿರಲಿಲ್ಲ. ದಿಂಬಿನಲ್ಲಿ ಮುಖ ಹುದುಗಿಸಿ ಮಲಗಿಸಿದೆವು. ಉಸಿರು ಕಟ್ಟುತ್ತದೆ ಎಂದು ತಾಸಿಗೆ ಹತ್ತು ಸಲ ಏಳುತ್ತಿದ್ದಳು, ನಾನು ಬೈಯುತ್ತಿದ್ದೆ. ಉಸಿರು ಕಟ್ಟಿದರೆ ಯಾರಾದರೂ ಏಳುತ್ತಾರೆ, ಅವಳ ತಪ್ಪೇನು? ಮೇಲಾಗಿ ದಿಂಬು ಕಣ್ಣನ್ನೇ ಒತ್ತುತ್ತದೆ. ಅದು ಇನ್ನೂ ಕೆಟ್ಟದ್ದು.

ಮೂರನೆಯ ದಿನ ಅಟ್ಟದಿಂದ ನಮ್ಮಪ್ಪನ ಕಾಲದ ಹೊರಸು ಇಳಿಸಿದೆ. ನವಾರದ ಪಟ್ಟಿ ಹೆಣೆದದ್ದು. ತಲೆಯ ಕಡೆ ಪಟ್ಟಿಗಳನ್ನು ಬಿಚ್ಚಿ, ಎರಡೂ ಮಗ್ಗುಲಿಗೆ ಸರಿಸಿ ಬಿಗಿಯಾಗಿ ಕಟ್ಟಿದಾಗ ನಡುವೆ ಸಣ್ಣ ತಾಟಿನಷ್ಟು ಕಿಂಡಿಯಾಯಿತು. ಅಂಚಿಗೆ ಹಳೆಯ ಕೌದಿಯ ತುಂಡು ಸುತ್ತಿ ದಬ್ಬಣದಿಂದ ಹೊಲಿದೆವು. ಹಣೆ ಮೇಲಿನ ಅಂಚಿನ ಮೇಲೆ, ಗದ್ದ ಕೆಳಗಿನ ಅಂಚಿನ ಮೇಲೆ, ಕಣ್ಣು ಮೂಗು ಬಾಯಿ ಬಯಲಲ್ಲಿ. ಎದೆಯ ಕೆಳಗೆ ಒಂದು ತೆಳುವಾದ ದಿಂಬು, ಕಾಲಿನ ಹರಡಿನ ಕೆಳಗೆ ಇನ್ನೊಂದು. ಹೊರಸಿನ ನಾಲ್ಕೂ ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಆಗ ಕೈಗಳು ಎರಡೂ ಕಡೆಯಿಂದ ಇಳಿದು ನೆಲ ಮುಟ್ಟುತ್ತವೆ.

ನನಗೆ ತಡವಾಗಿ ತಿಳಿದದ್ದು ಒಂದೇ ಮಾತು. ಮಗುವಿನ ತಲೆ ಬಗ್ಗಿಸುವುದಕ್ಕೆ ಹೋಗಬೇಡಿ, ನೋಡಬೇಕಾದದ್ದನ್ನು ಕೆಳಗಿಡಿ. ಮೇಲೆ ಟಿವಿ ನಡೆಯುತ್ತಿದ್ದರೆ, ಬಂದವರು ನಿಂತುಕೊಂಡು ಮಾತಾಡುತ್ತಿದ್ದರೆ, ಯಾವ ಮಗು ನೆಲ ನೋಡುತ್ತದೆ? ಟಿವಿಗೆ ಬಟ್ಟೆ ಮುಚ್ಚಿದೆವು. ಮನೆಗೆ ಬಂದವರೆಲ್ಲ ನೆಲಕ್ಕೆ ಕೂರಬೇಕು ಎಂದು ಕಟ್ಟುಮಾಡಿದೆವು. ಕಿಂಡಿಯ ಕೆಳಗೆ ನಾನು ದಾಡಿ ಮಾಡಿಕೊಳ್ಳುವ ಕನ್ನಡಿಯನ್ನು ಓರೆ ಮಾಡಿ ಇಟ್ಟಿಗೆಗೆ ಆನಿಸಿದೆ. ಮಗ್ಗುಲಲ್ಲಿ ಕುಳಿತವರ ಮುಖ ಅವಳಿಗೆ ಕಾಣುತ್ತದೆ, ಅವಳ ಮುಖ ನಮಗೆ. ಅದಕ್ಕೆ ಮೊದಲು ಎರಡು ದಿನ ಅವಳು ಮಾತಾಡಿದ್ದು ನಮ್ಮ ಪಾದಗಳ ಜೊತೆಗೆ.

ಒಂದು ಮಧ್ಯಾಹ್ನ ಕಿಂಡಿಯ ಕೆಳಗೆ ಬೆಲ್ಲದ ಹರಳು ಬಿದ್ದಿತ್ತು. ಇರುವೆ ಸಾಲು ಹಿಡಿದವು. ಹುಡುಗಿ ಒಂದೂವರೆ ತಾಸು ಕದಲಲಿಲ್ಲ. ಮರುದಿನದಿಂದ ನಾನೇ ಬೆಲ್ಲ ಇಡಲು ಶುರು ಮಾಡಿದೆ. ನನ್ನ ಹೆಂಡತಿಗೆ ಇರುವೆಯ ಮೇಲೆ ಈಗಲೂ ಸಿಟ್ಟಿದೆ, ಅಡುಗೆಮನೆ ಬಿಟ್ಟು ಹೋಗಲು ಅವಕ್ಕೆ ತಿಂಗಳು ಹಿಡಿಯಿತು.

ನಿವೃತ್ತ ಸಿಸ್ಟರ್, ಧಾರವಾಡ (ಸೋಮವಾರ, ಬೆಳಿಗ್ಗೆ 6.10)

ತಂಗೀ, ಮೂವತ್ತು ವರ್ಷ ಕಣ್ಣಿನ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಹೊರಸಿನ ಉಪಾಯ ಚೆನ್ನಾಗಿದೆ, ಅದನ್ನು ಇಟ್ಟುಕೊಳ್ಳಿ. ನಾನು ಬೇರೆ ಮಾತು ಹೇಳುತ್ತೇನೆ.

ಬೋರಲು ಇರುವುದು ಯಾಕೆಂದರೆ, ಗ್ಯಾಸಿನ ಗುಳ್ಳೆ ಯಾವಾಗಲೂ ಮೇಲಕ್ಕೇ ಏರುತ್ತದೆ. ತೂತು ಇರುವುದು ಕಣ್ಣಿನ ಹಿಂಗೋಡೆಯಲ್ಲಿ. ಮುಖ ಕೆಳಗೆ ಮಾಡಿದರೆ ಹಿಂಗೋಡೆಯೇ ಮಾಳಿಗೆಯಾಗುತ್ತದೆ, ಗುಳ್ಳೆ ಅಲ್ಲಿ ಹೋಗಿ ತೂತನ್ನು ಒತ್ತಿ ಹಿಡಿಯುತ್ತದೆ. ಅಂಗಾತ ಮಲಗಿದರೆ ಅದೇ ಗುಳ್ಳೆ ಮುಂದೆ ಬಂದು ಕಣ್ಣಿನ ಮಸೂರಕ್ಕೆ ತಾಗುತ್ತದೆ. ಹೀಗೆ ಬಹಳ ಹೊತ್ತು ಇದ್ದರೆ ಪೊರೆ ಬರಬಹುದು, ಒತ್ತಡವೂ ಏರಬಹುದು. ಆದ್ದರಿಂದ ನಡುರಾತ್ರಿ ಹುಡುಗ ಮಗ್ಗುಲಾದರೆ ಹೌಹಾರಬೇಡಿ, ಮೆಲ್ಲಗೆ ತಿರುಗಿಸಿ. ಅಂಗಾತ ಆಗುವುದಕ್ಕೆ ಮಾತ್ರ ಬಿಡಬೇಡಿ. ಹಿಂದೆ ಇದಕ್ಕೆ ನಾವು ಅಂಗಿಯ ಬೆನ್ನಿಗೆ ಚೀಲ ಹೊಲಿದು ಬಟ್ಟೆಯ ಉಂಡೆ ಇಡುತ್ತಿದ್ದೆವು. ಅಂಗಾತ ಹೊರಳಿದರೆ ಒತ್ತುತ್ತದೆ, ತಾನೇ ಮತ್ತೆ ಹೊರಳುತ್ತಾನೆ.

ಮೊಣಕೈ ನೋಡಿಕೊಳ್ಳಿ. ಮಕ್ಕಳು ಮೊಣಕೈ ಊರಿ ತಾಸುಗಟ್ಟಲೆ ಓದುತ್ತಾರೆ, ಅಲ್ಲಿನ ನರ ಒತ್ತಿ ಕಿರುಬೆರಳು ಜೋಮು ಹಿಡಿಯುತ್ತದೆ. ಮೆತ್ತೆ ಕೊಡಿ. ರೆಪ್ಪೆ ಮತ್ತು ಹಣೆ ಊದಿಕೊಳ್ಳುತ್ತವೆ, ಅದು ಮುಖ ಕೆಳಗಿರುವುದರ ಊತ. ಹನಿ ಹಾಕುವ ಮುನ್ನ ಸೋಪಿನಿಂದ ಕೈ ತೊಳೆಯಿರಿ, ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ ಬಿಡಿ, ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಪಾಪೆ ಅಗಲಿಸುವ ಹನಿ ಕೊಟ್ಟಿದ್ದರೆ ಬೆಳಕು ಚುಚ್ಚುತ್ತದೆ, ಕಿಟಕಿಗೆ ಸೀರೆ ಕಟ್ಟಿ.

ಬೋರಲು ಇರುವುದರ ನೋವು ಬೇರೆ, ಕುತ್ತಿಗೆ ಬೆನ್ನು ಎಲ್ಲ ನೋಯುತ್ತವೆ. ಆದರೆ ಕಣ್ಣೇ ಒಡೆದುಹೋಗುವಂತೆ ನೋವು, ಅದರ ಜೊತೆಗೆ ವಾಂತಿ ಬಂದರೆ ಕಣ್ಣಿನ ಒತ್ತಡ ಏರಿದೆ ಎಂದೇ ತಿಳಿದು ಆ ಕ್ಷಣಕ್ಕೆ ಹೊರಡಬೇಕು. ಬೆಳಗಾಗಲಿ ಎನ್ನಬಾರದು.

ಇನ್ನೊಂದು. ಯಾವ ಗ್ಯಾಸ್ ಎಂದು ಕೇಳಿ ಬರೆದುಕೊಳ್ಳಿ. ಎಸ್‌ಎಫ್6 ಸುಮಾರು ಎರಡು ವಾರ ಇರುತ್ತದೆ, ಸಿ3ಎಫ್8 ಆರರಿಂದ ಎಂಟು ವಾರ. ಅದು ಕರಗುವವರೆಗೆ ವಿಮಾನ ಹತ್ತಬಾರದು. ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡುವ ಪ್ರಸಂಗ ಬಂದರೆ ಕಣ್ಣಿನಲ್ಲಿ ಗ್ಯಾಸ್ ಇದೆ ಎಂದು ಮೊದಲೇ ಹೇಳಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ಹಿಗ್ಗಿಬಿಡುತ್ತದೆ. ಕೈಗೆ ಪಟ್ಟಿ ಕಟ್ಟಿ ಕಳಿಸಿದರೆ ಬಿಚ್ಚಬೇಡಿ.

ಸಾಧನಕೇರಿ (ಸೋಮವಾರ, ಬೆಳಿಗ್ಗೆ 9.20)

ಇಷ್ಟೆಲ್ಲ ಬೇಕೇ? ನಮ್ಮ ಮಾಮಾ ಅವರಿಗೆ ಇದೇ ಆಪರೇಷನ್ ಪುಣೆಯಲ್ಲಿ ಆಯಿತು. ಬರಿಯ ಮೂರು ದಿನ ತಲೆ ತಗ್ಗಿಸಿ ಕುಳಿತಿದ್ದರು, ರಾತ್ರಿ ಮಗ್ಗುಲಾಗಿ ಮಲಗಿದರು. ಸಣ್ಣ ತೂತಿಗೆ ಬೋರಲು ಮಲಗಿದರೂ ಅಷ್ಟೇ, ಮಲಗದಿದ್ದರೂ ಅಷ್ಟೇ ಎಂದು ಅಲ್ಲಿಯ ಡಾಕ್ಟರೇ ಹೇಳಿದರು. ಮಗುವನ್ನು ಸುಮ್ಮನೆ ಹಿಂಸಿಸುತ್ತಿದ್ದೀರಿ ಎನಿಸುತ್ತದೆ.

ನಿವೃತ್ತ ಸಿಸ್ಟರ್, ಧಾರವಾಡ (ಸೋಮವಾರ, ಬೆಳಿಗ್ಗೆ 9.45)

ನೀವು ಹೇಳಿದ್ದು ಸುಳ್ಳಲ್ಲ. ದೊಡ್ಡವರಲ್ಲಿ 400 ಮೈಕ್ರಾನ್‌ಗಿಂತ (ಅಂದರೆ 0.4 ಮಿಲಿಮೀಟರಿಗಿಂತ) ಸಣ್ಣ ತೂತುಗಳಿಗೆ ಬೋರಲು ಇರುವುದರಿಂದ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ ಎಂದು ಅಧ್ಯಯನಗಳು ಹೇಳಿವೆ, ಎಷ್ಟೋ ಡಾಕ್ಟರು ಈಗ ದಿನಗಳನ್ನು ಕಡಿಮೆ ಮಾಡಿದ್ದಾರೆ. ಆದರೆ ಈ ಹುಡುಗನ ತೂತು ಎಷ್ಟು ದೊಡ್ಡದು ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೋಡಿದವರು ಏಳು ದಿನ ಎಂದಿದ್ದಾರೆ. ಪರದೆ ಕಳಚಿದ ರೋಗಿಗಳಿಗಂತೂ ಹರಿದ ಜಾಗ ಎಲ್ಲಿದೆ ಎಂಬುದನ್ನು ನೋಡಿ ಎಡಮಗ್ಗುಲು, ಬಲಮಗ್ಗುಲು, ಕುಳಿತೇ ಇರುವುದು ಎಂದು ಬೇರೆ ಬೇರೆ ಹೇಳುತ್ತಾರೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ನಡೆಯುವುದಿಲ್ಲ.

ಬೆಟಗೇರಿ ಮಗ್ಗದ ಮನೆ (ಸೋಮವಾರ, ಬೆಳಿಗ್ಗೆ 10.05)

ಸಿಸ್ಟರ್ ಹೇಳಿದ್ದು ನಿಜ. ನಮ್ಮ ಮಗಳಿಗೆ ಗ್ಯಾಸ್ ಅಲ್ಲ, ಸಿಲಿಕಾನ್ ಎಣ್ಣೆ ಹಾಕಿದ್ದರು. ಮಕ್ಕಳು ಸ್ಥಿರವಾಗಿ ಇರುವುದು ಕಷ್ಟವೆಂದು ಎಷ್ಟೋ ಸಲ ಎಣ್ಣೆಯನ್ನೇ ಆರಿಸಿಕೊಳ್ಳುತ್ತಾರಂತೆ. ಅದು ತಾನಾಗಿ ಕರಗುವುದಿಲ್ಲ, ಕೆಲವು ತಿಂಗಳ ಮೇಲೆ ತೆಗೆಯಲು ಇನ್ನೊಂದು ಆಪರೇಷನ್ ಆಯಿತು. ಎಣ್ಣೆಯೂ ನೀರಿಗಿಂತ ಹಗುರ, ಅದೂ ತೇಲುತ್ತದೆ, ಹಾಗಾಗಿ ಬೋರಲು ಮಲಗುವುದು ತಪ್ಪಲಿಲ್ಲ. ವಿಮಾನದ ಭಯ ಮಾತ್ರ ಇರಲಿಲ್ಲ. ನಾವು ವಿಮಾನ ಹತ್ತುವ ಜನವೂ ಅಲ್ಲ ಬಿಡಿ.

ಗೋಪನಕೊಪ್ಪದ ಅವ್ವ (ಸೋಮವಾರ, ರಾತ್ರಿ 9.30)

ಎಲ್ಲರಿಗೂ ಕೈಮುಗಿಯುತ್ತೇನೆ. ನಮ್ಮ ಮನೆಯಲ್ಲಿ ಹೊರಸು ಇಲ್ಲ, ಇರುವುದು ಕಬ್ಬಿಣದ ಮಂಚ, ಮೇಲೆ ಪ್ಲೈವುಡ್. ಮನೆಯವರು ಅದನ್ನೇ ಕತ್ತರಿಸುತ್ತೇನೆ ಎಂದು ಹೊರಟರು. ಅತ್ತೆ ತಡೆದರು. ಕೊಡ ಹೊರಲು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುವುದಿಲ್ಲವೇ, ಅದನ್ನೇ ಮುಖಕ್ಕೆ ಮಾಡಿದರಾಯಿತು ಎಂದರು. ತಮ್ಮ ಹಳೆಯ ಇಳಕಲ್ ಸೀರೆಯನ್ನು ಹರಿದು, ಒಳಗೆ ಅರಳೆ ತುಂಬಿ, ತೋಳಿನ ದಪ್ಪಕ್ಕೆ ಸುತ್ತಿ, ಒಂದು ಕಡೆ ಬಾಯಿ ಬಿಟ್ಟು ಹೊಲಿದಿದ್ದಾರೆ. ಕುದುರೆಯ ಲಾಳದ ಹಾಗೆ ಕಾಣುತ್ತದೆ. ಬಾಯಿ ಬಿಟ್ಟ ಕಡೆ ಗದ್ದ ಬರುತ್ತದೆ, ಉಸಿರಿಗೆ, ಜೊಲ್ಲಿಗೆ, ಸ್ಟ್ರಾಗೆ ಅದೇ ದಾರಿ. ಮೇಲೆ ತೆಗೆದು ಒಗೆಯಲು ಬರುವಂತೆ ಎರಡು ಗವಸು ಹೊಲಿದಿದ್ದಾರೆ. ಮಗ ಈಗಲೇ ಅದನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ತಿರುಗಿದ.

ಆದರೆ ಇವತ್ತಿನ ದೊಡ್ಡ ಕೆಲಸ ಮಾಡಿದ್ದು ಅವರಪ್ಪ. ಕೆಲಸದ ಚೀಲದಿಂದ ರಸಮಟ್ಟ ತೆಗೆದು ಮಗನ ಕೈಗೆ ಕೊಟ್ಟರು. ಗಾಜಿನ ಕೊಳವೆಯೊಳಗಿನ ಗುಳ್ಳೆ ಯಾವ ಕಡೆ ಎತ್ತಿದರೆ ಆ ಕಡೆಗೆ ಓಡುತ್ತದೆ. ಹತ್ತು ಸಲ ಎತ್ತಿದ, ಹತ್ತು ಸಲ ಇಳಿಸಿದ. ಆಮೇಲೆ ಅವರು ನೀರಿನ ಬಾಟಲಿಯನ್ನು ಕಂಠದವರೆಗೆ ತುಂಬಿ, ಸ್ವಲ್ಪ ಗಾಳಿ ಬಿಟ್ಟು, ಮುಚ್ಚಳ ಬಿಗಿದರು. ನನ್ನ ಹಣೆಯ ಟಿಕಳಿ ಕಿತ್ತು ಬಾಟಲಿಯ ತಳಕ್ಕೆ ಹೊರಗಿನಿಂದ ಅಂಟಿಸಿದರು. "ಇದು ನಿನ್ನ ಕಣ್ಣು, ಮುಚ್ಚಳದ ಕಡೆ ನೀನು ನೋಡುವುದು, ಟಿಕಳಿ ಇರುವಲ್ಲಿ ತೂತು. ಈಗ ಗುಳ್ಳೆಯನ್ನು ಟಿಕಳಿಗೆ ಮುಟ್ಟಿಸು ನೋಡೋಣ" ಎಂದರು. ಮಗ ಬಾಟಲಿಯನ್ನು ಹೊರಳಿಸಿ, ಮಲಗಿಸಿ, ಕೊನೆಗೆ ಮುಚ್ಚಳ ಕೆಳಗೆ ಮಾಡಿ ಹಿಡಿದ. ಗುಳ್ಳೆ ಟಿಕಳಿಯ ಕೆಳಗೆ ಹೋಗಿ ನಿಂತಿತು. ಅವನು ಬಾಟಲಿಯನ್ನು ನೋಡಿದ, ನೆಲವನ್ನು ನೋಡಿದ. "ಹಾಗಾದರೆ ನಾನು ಬೋರಲು ಬೀಳಬೇಕು" ಎಂದ. ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜನ ಮದ್ದು (ಸೋಮವಾರ, ರಾತ್ರಿ 11.00)

ಆಪರೇಷನ್ ಆದ ಮೂರನೆಯ ದಿನದಿಂದ ಶುದ್ಧ ಜೇನುತುಪ್ಪ ಎರಡು ಹನಿ ಕಣ್ಣಿಗೆ ಬಿಡಿ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮಾಡುತ್ತ ಬಂದಿದ್ದೇವೆ, ಬೇಗ ಮಾಯುತ್ತದೆ.

ನಿವೃತ್ತ ಸಿಸ್ಟರ್, ಧಾರವಾಡ (ಮಂಗಳವಾರ, ಬೆಳಿಗ್ಗೆ 5.50)

ಬಿಡಬೇಡಿ. ಜೇನು, ಎದೆಹಾಲು, ಹರಳೆಣ್ಣೆ, ಗುಲಾಬಿ ನೀರು, ಯಾವುದನ್ನೂ ಬಿಡಬೇಡಿ. ಹೊಲಿಗೆ ಇರುವ ಕಣ್ಣಿಗೆ ಅಂಗಡಿಯ ಜೇನು ಬಿಟ್ಟು ಕೀವು ತುಂಬಿಸಿಕೊಂಡು ಬಂದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಣ್ಣನವರೇ, ಜೇನನ್ನು ರೊಟ್ಟಿಗೆ ಹಚ್ಚಿಕೊಳ್ಳಿ.

ಮುಂಡರಗಿ ಮಾಸ್ತರ (ಬುಧವಾರ, ಮಧ್ಯಾಹ್ನ 2.15)

ಆಪರೇಷನ್ ಸುಸೂತ್ರವಾಗಿ ಆಯಿತೆಂದು ಭಾವಿಸುತ್ತೇನೆ. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಐವತ್ತು ನಿಮಿಷ ಎಂದರೆ ಎರಡನೇ ತರಗತಿಯ ಮಗುವಿಗೆ ಒಂದು ಯುಗ. ಶಾಲೆಯಲ್ಲಿ ನಲವತ್ತು ನಿಮಿಷದ ಪಿರಿಯಡ್ಡನ್ನೇ ನಾನು ಮೂರು ತುಂಡು ಮಾಡುತ್ತೇನೆ. ಒಂದು ತಾಸನ್ನೂ ಹಾಗೆಯೇ ಮುರಿಯಿರಿ. ಒಂದಿಷ್ಟು ಹೊತ್ತು ಕೈಗೆ ಕೆಲಸ, ಒಂದಿಷ್ಟು ಹೊತ್ತು ಕಿವಿಗೆ ಕಥೆ, ಉಳಿದದ್ದು ಏನೂ ಇಲ್ಲದೆ ಸುಮ್ಮನೆ. ಬೆನ್ನು ತಿಕ್ಕುತ್ತಿದ್ದರೆ ಆ ಸುಮ್ಮನೆಯಲ್ಲಿಯೇ ನಿದ್ದೆ ಬರುತ್ತದೆ. ಚೌಕಾಬಾರದ ಮನೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದರೆ ಕವಡೆ ಹಾಕುವುದೂ ಕಾಯಿ ನಡೆಸುವುದೂ ಎಲ್ಲ ಕೆಳಗೇ. ಅಳಗುಳಿ ಮಣೆಯೂ ಆದೀತು. ಬರುವ ಅಮಾವಾಸ್ಯೆಗೆ ಮಣ್ಣೆತ್ತು ಮಾಡಿಸಿ, ಅದೂ ತಲೆ ತಗ್ಗಿಸಿ ಮಾಡುವ ಕೆಲಸವೇ.

ಗೋಪನಕೊಪ್ಪದ ಅವ್ವ (ಗುರುವಾರ, ಸಂಜೆ 5.40)

ಮಾಸ್ತರರೇ, ಆಪರೇಷನ್ ಆಯಿತು. ನಮ್ಮದು ಎರಡು ವಾರದ ಗ್ಯಾಸ್. ಮನೆಗೆ ಬಂದಿದ್ದೇವೆ.

ಮಣ್ಣು ಬೇಡ ಎಂದು ಡಾಕ್ಟರು ಹೇಳಿದರು, ಕೈಯಲ್ಲಿ ಮಣ್ಣು, ಕೈ ಕಣ್ಣಿಗೆ. ಅತ್ತೆ ಗೋಧಿ ಹಿಟ್ಟಿನ ಕಣಕ ನಾದಿಕೊಟ್ಟರು. ಮಗ ನೆಲದ ಮೇಲೆ ಸಿಂಬಿ ಇಟ್ಟುಕೊಂಡು, ಅದರ ಆಚೆ ಎರಡೂ ಕೈ ಚಾಚಿ, ಸಾಲಾಗಿ ಎತ್ತು ಮಾಡಿದ್ದಾನೆ. ಆರು ಎತ್ತು, ಒಂದಕ್ಕೂ ಕೋಡು ಒಂದೇ ಅಳತೆಯಿಲ್ಲ. ಕಣ್ಣಿಗೆ ಜೋಳದ ಕಾಳು. ಒಂದು ಎತ್ತಿಗೆ ಮಾತ್ರ ಒಂದೇ ಕಣ್ಣು, ಇನ್ನೊಂದಕ್ಕೆ ಹತ್ತಿ ಅಂಟಿಸಿ ಪಟ್ಟಿ ಕಟ್ಟಿದ್ದಾನೆ. ಅದನ್ನೂ ಬೋರಲು ಮಲಗಿಸಿದ್ದಾನೆ. ಅದು ಎದ್ದರೆ ಬೈಯುತ್ತಾನೆ, ನಾನು ಅವನಿಗೆ ಬೈಯುವ ಮಾತಿನಲ್ಲೇ. ನನ್ನ ಮಾತು ಎಷ್ಟು ಒರಟು ಎಂದು ಇವತ್ತು ತಿಳಿಯಿತು.

ಊಟದ ಬಗ್ಗೆ ಯಾರೋ ಖಾಸಗಿಯಾಗಿ ಕೇಳಿದ್ದರು. ಗೋಡೆಗೆ ಆನಿಸದೆ ನೆಲಕ್ಕೆ ಕೂರಿಸಿ, ತಾಟನ್ನು ಕಾಲ ಸಂದಿಯಲ್ಲಿಟ್ಟು, ಪಂಕ್ತಿಯಲ್ಲಿ ಎಲೆಯ ಮೇಲೆ ಬಾಗಿ ಉಣ್ಣುವಂತೆ ಉಣ್ಣಿಸುತ್ತೇವೆ. ನುಚ್ಚು ಮಜ್ಜಿಗೆ, ಹಾಲಿನಲ್ಲಿ ಕಿವುಚಿದ ರೊಟ್ಟಿ. ಸೊಂಟದ ಮಟ್ಟದ ಕಮೋಡ್ ಇದ್ದವರ ಗತಿ ಏನೋ, ನಮ್ಮ ಮನೆಯ ಹಳೆಯ ಪದ್ಧತಿಯ ಪಾಯಖಾನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತರೆ ತಲೆ ತಾನಾಗಿ ಕೆಳಗೇ ಇರುತ್ತದೆ.

ಹಗಲು ಸರಿ. ರಾತ್ರಿ ನಾವು ಮೂವರೂ ಪಾಳಿ ಹಾಕಿಕೊಂಡಿದ್ದೇವೆ, ಹತ್ತರಿಂದ ಒಂದು ಅತ್ತೆ, ಒಂದರಿಂದ ನಾಲ್ಕು ನಾನು, ಆಮೇಲೆ ಅವರು. ನಿನ್ನೆ ಎರಡು ಗಂಟೆಗೆ ನನ್ನ ಕಣ್ಣು ಹತ್ತಿತ್ತು. ಎಚ್ಚರಾಗಿ ನೋಡಿದರೆ ಹುಡುಗ ಅಂಗಾತ. ಎಷ್ಟು ಹೊತ್ತಿನಿಂದಲೋ. ಅವನನ್ನು ತಿರುಗಿಸಿ ಗೋಡೆಗೆ ತಲೆಯಿಟ್ಟು ಅತ್ತುಬಿಟ್ಟೆ.

ಬೆಟಗೇರಿ ಮಗ್ಗದ ಮನೆ (ಗುರುವಾರ, ಸಂಜೆ 6.00)

ಅಳಬೇಡಿ ಅಕ್ಕಾ. ನಮ್ಮ ಮನೆಯಲ್ಲಿಯೂ ಆಗಿದೆ. ಬೆನ್ನಿನ ಉಂಡೆ ಕಟ್ಟಿದ್ದೀರಾ?

ಗೋಪನಕೊಪ್ಪದ ಅವ್ವ (ಗುರುವಾರ, ಸಂಜೆ 6.05)

ಇವತ್ತು ಕಟ್ಟುತ್ತೇನೆ. ಅವನ ಕ್ರಿಕೆಟ್ ಚೆಂಡನ್ನೇ ಹೊಲಿಯುತ್ತೇನೆ, ಇಷ್ಟು ದಿನ ಮಾಡಿದ್ದಕ್ಕೆ ಸ್ವಲ್ಪ ದುಡಿಯಲಿ.

ಗೋಪನಕೊಪ್ಪದ ಅವ್ವ (ಶನಿವಾರ, ಬೆಳಿಗ್ಗೆ 11.20)

ಗುರುವಾರ ರಾತ್ರಿಯ ಕಥೆ ಹೇಳಬೇಕು, ಯಾಕೆಂದರೆ ಸಿಸ್ಟರ್ ಅವರ ಮಾತು ನೆನಪಿಲ್ಲದಿದ್ದರೆ ಏನಾಗುತ್ತಿತ್ತೋ.

ಸಂಜೆ ಅವನ ಕಾಕಾ ನೋಡಲು ಬಂದರು, ದುರ್ಗದಬೈಲಿನಿಂದ ಮಿರ್ಚಿ ಕಟ್ಟಿಸಿಕೊಂಡು. ಹುಡುಗ ಎರಡು ತಿಂದ. ಹನ್ನೊಂದಕ್ಕೆ ವಾಂತಿ ಮಾಡಿದ. ಮಿರ್ಚಿಯ ಕೆಲಸ ಎಂದು ಎಲ್ಲರೂ ಕಾಕಾನನ್ನು ನೋಡಿದೆವು. ಓಮಿನ ನೀರು ಕೊಟ್ಟೆವು. ಹನ್ನೆರಡಕ್ಕೆ ಮತ್ತೆ ವಾಂತಿ, ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಹುಬ್ಬಿನೊಳಗೆ ಸುತ್ತಿಗೆ ಬಡಿಯುತ್ತಿದ್ದಾರೆ ಎಂದ. ಮಿರ್ಚಿ ತಿಂದರೆ ಹುಬ್ಬು ನೋಯುವುದಿಲ್ಲ. ಬಿಡುಗಡೆಯ ಚೀಟಿಯ ಮೇಲೆ ತುರ್ತಿಗೆಂದು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಹನ್ನೊಂದು ಸಲ ಮಾಡಿದೆ, ಒಮ್ಮೆಯೂ ಎತ್ತಲಿಲ್ಲ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ಆಪರೇಷನ್ ಮಾಡಿದ ಡಾಕ್ಟರ ಮೇಲೆ ನನಗೆ ಗೌರವವಿದೆ. ಆದರೆ ಎತ್ತದ ನಂಬರನ್ನು ಚೀಟಿಯ ಮೇಲೆ ಅಚ್ಚು ಹಾಕಿಸಬಾರದು.

ಬೆಳಗಾಗಲಿ ಎಂದು ಕಾಕಾ ಅಂದರು. ಮನೆಯವರು ಓಣಿಯ ಆಟೋದವನನ್ನು ಎಬ್ಬಿಸಿದರು. ಹುಡುಗ ನನ್ನ ತೊಡೆಯ ಮೇಲೆ ಬೋರಲು, ರಸ್ತೆಯ ಪ್ರತಿ ಉಬ್ಬಿಗೂ ನಾನು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಆಸ್ಪತ್ರೆಯ ಕಾವಲುಗಾರ ಕಿರಿಯ ಡಾಕ್ಟರನ್ನು ಕರೆದ. ಒತ್ತಡ ಬಹಳ ಏರಿತ್ತು. ಹನಿ ಹಾಕಿದರು, ಮಾತ್ರೆ ಕೊಟ್ಟರು, ಬೆಳಗಿನ ತನಕ ಮೂರು ಸಲ ಅಳೆದರು. ನಿನ್ನೆ ಸಂಜೆಯ ಹೊತ್ತಿಗೆ ಇಳಿಯಿತು. ಹಿಂದಿನ ರಾತ್ರಿ ಅಂಗಾತ ಮಲಗಿದ್ದಕ್ಕೇ ಹೀಗಾಯಿತೇ ಎಂದು ಕೇಳಿದೆ. ಅದೊಂದೇ ಕಾರಣ ಎನ್ನಲಾಗದು, ಗ್ಯಾಸ್ ಹಾಕಿದವರಲ್ಲಿ ಒತ್ತಡ ಹಾಗೆಯೂ ಏರುತ್ತದೆ, ಅದಕ್ಕೇ ಪದೇಪದೇ ಅಳೆಯುವುದು ಎಂದರು. ಅವರು ಸಮಾಧಾನಕ್ಕೆ ಹೇಳಿದ್ದರೂ ನನಗೆ ಸಾಕು.

ನಿವೃತ್ತ ಸಿಸ್ಟರ್, ಧಾರವಾಡ (ಶನಿವಾರ, ಮಧ್ಯಾಹ್ನ 12.00)

ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದಾರೆ. ನೀವು ಮಧ್ಯರಾತ್ರಿ ಹೊರಟಿರಲ್ಲ, ಅದು ಸರಿಯಾಯಿತು.

ಹಾವೇರಿ ಡಿಪೋ (ಭಾನುವಾರ, ಬೆಳಿಗ್ಗೆ 8.30)

ನಾನು ಬಸ್ ಚಾಲಕ, ಸ್ವತಃ ಕಣ್ಣಿಗೆ ಗ್ಯಾಸ್ ಹಾಕಿಸಿಕೊಂಡವನು. ದೊಡ್ಡವರ ಅನುಭವ ಬೇಡ ಎಂದಿದ್ದೀರಿ, ಆದರೂ ಒಂದು ಮಾತು. ಹುಡುಗನ ಅಜ್ಜಿಯ ಮನೆ ಕರಾವಳಿಯ ಕಡೆ ಇದ್ದರೆ ಗಾಳಿ ಬದಲಾವಣೆಗೆ ಎಂದು ಕರೆದೊಯ್ಯಬೇಡಿ. ಕಾರವಾರ ಸಮುದ್ರದ ಮಟ್ಟದಲ್ಲಿದೆ, ನೀವಿರುವ ಹುಬ್ಬಳ್ಳಿ ಅದಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರ. ಇಳಿಯುವಾಗ ತೊಂದರೆ ಗೊತ್ತಾಗುವುದಿಲ್ಲ. ತಿರುಗಿ ಅರಬೈಲ್ ಘಟ್ಟ ಹತ್ತುವಾಗ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತ ಹೋಗುತ್ತದೆ, ಕಣ್ಣಿನೊಳಗಿನ ಗುಳ್ಳೆ ಹಿಗ್ಗುತ್ತದೆ. ಘಟ್ಟದ ಚಿಪ್ಸ್ ಪಾಕೀಟು ಉಬ್ಬುವುದನ್ನು ನೋಡಿಲ್ಲವೇ? ನನಗೆ ಗುಳ್ಳೆ ಪೂರ್ತಿ ಕರಗುವ ತನಕ ಯಲ್ಲಾಪುರದ ಆಚೆ ಡ್ಯೂಟಿ ಇರಲಿ, ಪ್ರಯಾಣಿಕನಾಗಿಯೂ ಹೋಗಬೇಡ ಎಂದಿದ್ದರು.

ಗೋಪನಕೊಪ್ಪದ ಅವ್ವ (ಭಾನುವಾರ, ಬೆಳಿಗ್ಗೆ 9.00)

ಅಣ್ಣಾ, ನನ್ನ ತವರು ಅಂಕೋಲೆಯೇ. ಮುಂದಿನ ವಾರ ಕಳಿಸು ಎಂದು ನಮ್ಮವ್ವ ದಿನಾ ಫೋನ್ ಮಾಡುತ್ತಿದ್ದಾಳೆ. ನಿಮ್ಮ ಚಿಪ್ಸ್ ಪಾಕೀಟಿನ ಮಾತು ಹೇಳಿದೆ, ಒಪ್ಪಿದಳು. ತಾನೇ ಬರುತ್ತಾಳಂತೆ. ಬೋರಲು ಮಲಗಿದ ಮೊಮ್ಮಗನ ಜೊತೆ ಇಬ್ಬರು ಅಜ್ಜಿಯರು ಒಂದೇ ಮನೆಯಲ್ಲಿ. ನನಗೆ ಯಾರು ಸಿಂಬಿ ಹೊಲಿದುಕೊಡುತ್ತೀರಿ?

ಗೋಪನಕೊಪ್ಪದ ಅವ್ವ (ಬುಧವಾರ, ಸಂಜೆ 7.15)

ಏಳು ದಿನ ಮುಗಿದವು. ಇನ್ನು ತಲೆ ಎತ್ತಬಹುದು, ಗುಳ್ಳೆ ಕರಗುವ ತನಕ ಅಂಗಾತ ಮಾತ್ರ ಮಲಗಬಾರದು. ಆಸ್ಪತ್ರೆಯಿಂದ ಹೊರಗೆ ಬಂದವನು ಮೊದಲು ಮಾಡಿದ್ದು ಆಕಾಶ ನೋಡಿದ್ದು. ಬೇಡ ಎಂದು ಓಡಿಹೋಗಿ ತಲೆ ಇಳಿಸಿದೆ. ಏಳು ದಿನದ ರೂಢಿ ನನಗೇ ಬಿಟ್ಟಿಲ್ಲ.

ಎಡಗಣ್ಣಿನಲ್ಲಿ ನೀರಿನ ಗೆರೆ ಕಾಣುತ್ತದಂತೆ, ನಡೆದರೆ ತುಳುಕುತ್ತದಂತೆ. ದಿನಾ ಬೆಳಿಗ್ಗೆ ಅದು ಎಲ್ಲಿಗೆ ಇಳಿದಿದೆ ಎಂದು ಅಪ್ಪನಿಗೆ ವರದಿ ಕೊಡುತ್ತಾನೆ. ಗುಳ್ಳೆ ಕಣ್ಣಿನಲ್ಲಿ ಮೇಲಿದ್ದರೂ ನೋಡುವವನಿಗೆ ಕೆಳಗೆ ಕಾಣುತ್ತದೆ ಎಂಬುದನ್ನು ನನಗೆ ಬಿಡಿಸಿ ಹೇಳಿದವನೂ ಅವನೇ. ಅರ್ಧ ಅರ್ಥವಾಯಿತು.

ಗೋಪನಕೊಪ್ಪದ ಅವ್ವ (ಒಂದು ತಿಂಗಳ ನಂತರ, ಶುಕ್ರವಾರ)

ಕೇಳಿದವರಿಗೆಲ್ಲ ಒಟ್ಟಿಗೆ. ಗುಳ್ಳೆ ಹದಿನೈದನೆಯ ದಿನ ಸಾಸಿವೆ ಕಾಳಿನಷ್ಟಾಗಿ, ಶಾಲೆಯ ಬಿಸಿಯೂಟದ ಹೊತ್ತಿನಲ್ಲಿ ಮಾಯವಾಯಿತಂತೆ. ನಿನ್ನೆಯ ಸ್ಕ್ಯಾನಿನಲ್ಲಿ ತೂತು ಮುಚ್ಚಿದೆ. ದೃಷ್ಟಿ ಪೂರ್ತಿ ಬಂದಿಲ್ಲ, ಫಲಕದ ಮೇಲೆ ಎರಡು ಸಾಲು ಹೆಚ್ಚು ಓದಿದ. ಮುಂದೆ ಇನ್ನಷ್ಟು ಬರಬಹುದು, ಈ ವಯಸ್ಸಿನಲ್ಲಿ ಕಣ್ಣು ಸೋಮಾರಿಯಾಗಬಾರದೆಂದು ದಿನಕ್ಕೆ ಕೆಲವು ತಾಸು ಬಲಗಣ್ಣಿಗೆ ಪಟ್ಟಿ ಹಾಕಲು ಹೇಳಿದ್ದಾರೆ. ಪಟ್ಟಿ ಹಾಕಿ ನನ್ನನ್ನು ನೋಡಿಸಿದೆ. "ಮೂಗು ಬಂದಿದೆ ಅವ್ವಾ, ಆದರೆ ಸೊಟ್ಟ ಇದೆ" ಎಂದ. ನೇರವಾದ ಗೆರೆಗಳು ಕೆಲವು ಕಾಲ ಸೊಟ್ಟ ಕಾಣುವುದು ಇದ್ದದ್ದೇ ಎಂದರು ಡಾಕ್ಟರು. ಮನೆಯವರು ನನ್ನ ಮೂಗು ಮೊದಲಿನಿಂದಲೂ ಹಾಗೆಯೇ ಎಂದರು.

ರಾಣೆಬೆನ್ನೂರು ಬೀಜದ ಅಂಗಡಿ (ಒಂದು ತಿಂಗಳ ನಂತರ, ಭಾನುವಾರ)

ಅಕ್ಕನವರೇ, ನಮ್ಮ ಮಗಳಿಗೆ ಗುರುವಾರ ಆಪರೇಷನ್. ಒಂಬತ್ತು ವರ್ಷ. ನಿಮ್ಮ ಚರ್ಚೆಯನ್ನು ನಾನೂ ನನ್ನ ಹೆಂಡತಿಯೂ ಎರಡು ಸಲ ಓದಿದೆವು. ಸಿಂಬಿಯ ಅಳತೆ ತಿಳಿಸುತ್ತೀರಾ? ನಮ್ಮ ಮನೆಯಲ್ಲಿ ಹೊಲಿಯುವವರು ಯಾರೂ ಇಲ್ಲ.

ಗೋಪನಕೊಪ್ಪದ ಅವ್ವ (ಒಂದು ತಿಂಗಳ ನಂತರ, ಭಾನುವಾರ)

ಅಳತೆ ಯಾಕೆ, ಸಿಂಬಿಯನ್ನೇ ಕಳಿಸುತ್ತೇನೆ. ನಿಮ್ಮ ಮಗಳು ದೊಡ್ಡವಳು, ಅವಳ ಮುಖಕ್ಕೆ ಸರಿಹೋಗುವಂತೆ ಅತ್ತೆ ಬಾಯಿಯನ್ನು ಎರಡು ಬೆರಳು ಅಗಲ ಮಾಡುತ್ತಾರಂತೆ. ಹಳೆಯ ಅರಳೆ ತೆಗೆದು ಹೊಸದು ತುಂಬುತ್ತಾರೆ, ಗವಸು ಹೊಸದು. ಜೊತೆಗೆ ಮಗ ಒಂದು ನೀರಿನ ಬಾಟಲಿ ಇಟ್ಟಿದ್ದಾನೆ, ತಳಕ್ಕೆ ಟಿಕಳಿ ಅಂಟಿಸಿ. ಅದರಲ್ಲಿ ಎಷ್ಟು ಗಾಳಿ ಬಿಡಬೇಕು ಎಂದು ಅವಳಿಗೆ ತಾನೇ ಫೋನಿನಲ್ಲಿ ಹೇಳುತ್ತಾನಂತೆ. ಸೀರೆ ಒಗೆದು ಮಾಳಿಗೆಯ ಮೇಲೆ ಹಾಕಿದ್ದೇವೆ. ಮಳೆ ಬಿಟ್ಟರೆ ನಾಳೆ ಒಣಗುತ್ತದೆ.